ಸೊಂಟ ನೋವಿನವರನ್ನು ಇದೊಂದು ಮಾತು ಕೇಳಿ

ಮಾವಿನ ಕಾಲ ಬಂತೆಂದರೆ ಶ್ರೀನಿವಾಸಪುರದಲ್ಲಿ ಸೊಂಟ ಹಿಡಿದುಕೊಂಡು ಆಸ್ಪತ್ರೆಗೆ ಬರುವವರು ಹೆಚ್ಚುತ್ತಾರೆ. ಮಂಡಿಗಳಲ್ಲಿ ಕ್ರೇಟು ಎತ್ತುವವರು, ದಿನವಿಡೀ ಕುಕ್ಕರುಗಾಲಲ್ಲಿ ಕೂತು ಕಾಯಿ ವಿಂಗಡಿಸುವವರು. ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು, ಮಾಲೂರಿನಲ್ಲಿ ಇಟ್ಟಿಗೆ ಗೂಡು, ಮುಳಬಾಗಿಲು ಕಡೆ ಹುಳು ಮನೆಗೆ ಹೊರುವ ಹಿಪ್ಪುನೇರಳೆ ಸೊಪ್ಪು, ಎಲ್ಲ ಕಡೆಯೂ ಸೀಮೆಹಸುವಿಗೆ ಹುಲ್ಲಿನ ಹೊರೆ. ಕೋಲಾರ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಸೊಂಟ ನೋವಿಗೆ ಏನು ಸಿಗುತ್ತದೆಂದು ನನಗೆ ಗೊತ್ತು: ಒಂದು ಸೂಜಿ, ಮೂರು ದಿನದ ಮಾತ್ರೆ, ಹಚ್ಚಿಕೊಳ್ಳಲು ಮುಲಾಮು. “ಒಂದಕ್ಕೆ ಹೋಗೋದು ಸರಿಯಾಗಿದೆಯಾ ಅಮ್ಮಾ?” ಎಂದು ಕೇಳುವವರು ಮಾತ್ರ ಅಪರೂಪ.

ಈ ಪ್ರಶ್ನೆಯನ್ನು ಕಡ್ಡಾಯ ಮಾಡಬೇಕು ಎಂಬುದು ನನ್ನ ಒತ್ತಾಯ. ಮೂತ್ರ ಸೋರುತ್ತಿದೆ ಎಂದು ಬಂದವರ ಬೆನ್ನನ್ನೂ ಅಷ್ಟೇ ಕಡ್ಡಾಯವಾಗಿ ನೋಡಬೇಕು. ಬೆನ್ನುಮೂಳೆ ಒಬ್ಬ ವೈದ್ಯರದು, ಮೂತ್ರಕೋಶ ಇನ್ನೊಬ್ಬರದು, ಗರ್ಭಕೋಶ ಮತ್ತೊಬ್ಬರದು ಎಂದು ನಾವು ಹಂಚಿಕೊಂಡಿದ್ದೇವೆ. ದೇಹ ಹಾಗೆ ಹಂಚಿಕೊಂಡಿಲ್ಲ.

ಮೂತ್ರಕೋಶ ತುಂಬಿದೆ ಎಂದು ಮೆದುಳಿಗೆ ತಿಳಿಸುವುದು, ಈಗ ತಡಿ, ಈಗ ಬಿಡು ಎಂಬ ಆಜ್ಞೆಯನ್ನು ಮೆದುಳಿನಿಂದ ಕೆಳಕ್ಕೆ ತರುವುದು, ಎರಡೂ ಬೆನ್ನುಹುರಿಯ ಕೆಲಸ. ಈ ಹುರಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳ ಕಟ್ಟೊಂದು ಇಳಿಯುತ್ತದೆ. ಸೊಂಟದ ಬುಡದಲ್ಲಿರುವ ತ್ರಿಕೋನಾಕಾರದ ಮೂಳೆಯಿಂದ ಹೊರಬರುವ ಎರಡು, ಮೂರು ಮತ್ತು ನಾಲ್ಕನೇ ಜೋಡಿ ನರಗಳೇ ಮೂತ್ರಕೋಶವನ್ನೂ ಅದರ ಬಾಯಿಯನ್ನೂ ನಡೆಸುವುದು. ಕತ್ತಿನಲ್ಲೋ ಬೆನ್ನಿನಲ್ಲೋ ಹುರಿ ಅದುಮಿಹೋದರೆ ಮೂತ್ರಕೋಶ ಮೇಲಿನ ಮಾತು ಕೇಳದೆ ತಾನೇ ತಾನಾಗಿ ಸಂಕುಚಿಸುತ್ತದೆ. ಅವಸರ ಬಂತೆಂದರೆ ಬಚ್ಚಲಿಗೆ ಹೋಗುವಷ್ಟೂ ತಡೆಯದು. ಕೆಳಗಿನ ನರಗಳ ಕಟ್ಟೇ ಒತ್ತಿಕೊಂಡರೆ ಇದಕ್ಕೆ ತಿರುಗಾಮುರುಗ: ಕೋಶ ಹಿಡಿಯಲಾರದಷ್ಟು ತುಂಬಿದರೂ ತುಂಬಿದ್ದು ಗೊತ್ತಾಗುವುದಿಲ್ಲ, ತೂಬು ಕಟ್ಟಿದ ಕೆರೆ ಕೋಡಿ ಬಿದ್ದ ಹಾಗೆ ಹನಿ ಹನಿಯಾಗಿ ಸೋರುತ್ತದೆ. ನೋಡುವವರು ಸೋರುವುದನ್ನಷ್ಟೇ ಕಾಣುತ್ತಾರೆ, ಒಳಗೆ ಕಟ್ಟಿಕೊಂಡಿರುವುದು ಕಾಣುವುದಿಲ್ಲ. ಹಾಗೆ ಕಟ್ಟಿದ ಮೂತ್ರದ ಒತ್ತಡ ಮೂತ್ರಪಿಂಡದವರೆಗೂ ಏರಿ ಅದನ್ನೂ ಕೆಡಿಸುತ್ತದೆ.

ಇದರಲ್ಲಿ ಒಂದು ಸ್ಥಿತಿಗೆ ಒಂದು ದಿನವೂ ತಡ ಮಾಡುವಂತಿಲ್ಲ. ಸೊಂಟ ನೋವಿದ್ದವರಿಗೆ ಎರಡೂ ಕಾಲಿಗೆ ಸೆಳೆತ ಶುರುವಾಗಿ, ತೊಡೆಸಂದಿ ಮತ್ತು ಕೂರುವ ಜಾಗ ಜೋಮು ಹಿಡಿದು, ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಾಗದೆ ಹೋಗತೊಡಗಿದರೆ, ಜಾರಿದ ಡಿಸ್ಕು ನರಗಳ ಕಟ್ಟನ್ನು ಒತ್ತಿರಬಹುದು. ಆಗ ಗಂಟೆಗಳ ಲೆಕ್ಕ. ಆದಷ್ಟು ಬೇಗ, ತಡವೆಂದರೆ 48 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆದವರಲ್ಲಿ ಮೂತ್ರದ ಹಿಡಿತ ಮರಳುವ ಸಾಧ್ಯತೆ ಹೆಚ್ಚು. ಅಂಥವರನ್ನು ಉಳುಕು ತೆಗೆಯುವವರ ಬಳಿ, ಬೆನ್ನು ತುಳಿಯುವವರ ಬಳಿ ಕರೆದೊಯ್ಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. 108ಕ್ಕೆ ಫೋನ್ ಮಾಡಿ, ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೋ ಟಮಕದ ಜಾಲಪ್ಪ ಆಸ್ಪತ್ರೆಗೋ ಕರೆದೊಯ್ಯಿರಿ. ಜೊತೆಗೆ ಹೋದವರು ಬೆನ್ನಿನ ವಿಷಯವನ್ನೂ ಮೂತ್ರದ ವಿಷಯವನ್ನೂ ಒಟ್ಟಿಗೇ ಹೇಳಬೇಕು. ಸಂಜೆ ಹೊತ್ತು ಜ್ವರ ಬಂದು ತೂಕ ಇಳಿಯುತ್ತ ಬೆನ್ನು ನೋಯುವವರಲ್ಲಿ ಬೆನ್ನುಮೂಳೆಯ ಕ್ಷಯವನ್ನೂ ಅನುಮಾನಿಸಬೇಕು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಬೇಗ ಹಿಡಿದರೆ ವಾಸಿಯಾಗುವ ರೋಗ.

ಹೆಂಗಸರ ಕಷ್ಟ ಇನ್ನೊಂದು ಬಗೆಯದು. ಕೆಮ್ಮಿದರೆ, ನಕ್ಕರೆ, ಬಿಂದಿಗೆ ಎತ್ತಿದರೆ ಒಂದೆರಡು ಹನಿ. ಒಡಹುಟ್ಟಿದ ಅಕ್ಕನಿಗೂ ಹೇಳುವುದಿಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಯಾವ ಭಾಷೆಯ ಮನೆಯಲ್ಲಾದರೂ ಈ ವಿಷಯಕ್ಕೆ ದನಿ ತಗ್ಗುತ್ತದೆ. “ವಯಸ್ಸಾಯ್ತಲ್ಲ ಸಿಸ್ಟರಮ್ಮಾ” ಎಂದು ನಲವತ್ತು ದಾಟದವರೂ ಅಂದಿದ್ದಾರೆ. ನಾನು ಅವರು ಹೇಳದ್ದನ್ನು ಬೇರೆ ಕಡೆ ಓದುತ್ತಿದ್ದೆ. ಹಳೆ ಸೀರೆಯ ಮಡಿಕೆ ಒಳಗಿಟ್ಟುಕೊಂಡವರು ಕುರ್ಚಿ ಕೊಟ್ಟರೂ ಕೂರುವುದಿಲ್ಲ. ಬಸ್ಸು ಹತ್ತುವ ದಿನ ಬೆಳಗಿನಿಂದ ನೀರು ಮುಟ್ಟುವುದಿಲ್ಲ. ಮೈಲಿಗೆಯೆಂದು ದೇವರ ಮನೆಗೆ ಹೋಗುವುದನ್ನೇ ನಿಲ್ಲಿಸಿರುತ್ತಾರೆ, ಮದುವೆಗೆ ಮಗಳನ್ನೋ ಸೊಸೆಯನ್ನೋ ಕಳಿಸಿ ತಾವು ಮನೆ ಕಾಯುತ್ತಾರೆ. ನೀರು ಕುಡಿಯದಿದ್ದರೆ ಮೂತ್ರ ಗಟ್ಟಿಯಾಗಿ ಉರಿ, ಮಲಬದ್ಧತೆ, ತಿಣುಕುವುದು. ಅದರಿಂದ ಸೋರಿಕೆ ಇನ್ನೂ ಹೆಚ್ಚು.

ಕಿಬ್ಬೊಟ್ಟೆಯ ತಳದಲ್ಲಿ, ಮುಂದಿನ ಮೂಳೆಯಿಂದ ಬೆನ್ನಿನ ಕೊನೆಯ ಮೂಳೆಯವರೆಗೆ ಹಾಸಿಕೊಂಡ ಸ್ನಾಯುಗಳಿವೆ. ಮೂತ್ರಕೋಶ, ಗರ್ಭಕೋಶ, ಮಲಾಶಯ ಮೂರಕ್ಕೂ ಕೆಳಗಿನ ಆಸರೆ ಅವೇ. ಹೆರಿಗೆಯಲ್ಲಿ ಅವು ಹಿಗ್ಗುತ್ತವೆ, ಕೆಲವೊಮ್ಮೆ ಹರಿಯುತ್ತವೆ. ಬಾಣಂತನ ಮುಗಿಯುವ ಮೊದಲೇ ಹೊರೆ ಹೊತ್ತರೆ, ಒಲೆ ಹೊಗೆಯ ಕೆಮ್ಮು ವರ್ಷಗಟ್ಟಲೆ ಕಾಡಿದರೆ ಅವು ಚೇತರಿಸಿಕೊಳ್ಳುವುದಾದರೂ ಯಾವಾಗ? ಮೊದಲು ಸೋರಿಕೆ, ಆಮೇಲೆ ಗರ್ಭಕೋಶ ಜಾರುವುದು. ಈ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಪ್ರಕಟಿಸಿದರು. ಕಾಸು ಖರ್ಚಿಲ್ಲ. ಗಾಳಿ ಹೋಗದಂತೆ ತಡೆಯುವಾಗ ಹೇಗೆ ಒಳಕ್ಕೆ ಸೆಳೆದುಕೊಳ್ಳುತ್ತೇವೋ ಹಾಗೆ ಸೆಳೆದು, ಕೆಲವು ಕ್ಷಣ ಹಿಡಿದು, ಪೂರ್ತಿ ಸಡಿಲ ಬಿಡುವುದು. ಒಂದು ಸಲಕ್ಕೆ ಎಂಟು ಬಾರಿ, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು. ಉಸಿರು ಬಿಗಿಹಿಡಿಯಬಾರದು, ಮೂತ್ರ ಮಾಡುತ್ತಿರುವಾಗ ಇದನ್ನು ಅಭ್ಯಾಸ ಮಾಡಬಾರದು. ಗರ್ಭಕೋಶ ಜಾರಿದವರಿಗೆ ಒಳಗೆ ಇಡುವ ರಿಂಗ್ ಇದೆ, ಅಗತ್ಯವಿದ್ದರೆ ಶಸ್ತ್ರಚಿಕಿತ್ಸೆಯೂ ಇದೆ. ಸೋರುತ್ತದೆ ಎಂದಾಕ್ಷಣ ಗರ್ಭಕೋಶವನ್ನೇ ತೆಗೆಸಿಬಿಡಿ ಎನ್ನುವ ಸಲಹೆ ಮಾತ್ರ ನನಗೆ ಸಿಟ್ಟು ತರಿಸುತ್ತದೆ. ತೊಂದರೆ ಸ್ನಾಯುವಿನಲ್ಲೋ ನರದಲ್ಲೋ ಇದ್ದರೆ ಗರ್ಭಕೋಶ ತೆಗೆಸಿ ಸೋರಿಕೆ ನಿಲ್ಲುವುದಿಲ್ಲ.

ಇಷ್ಟೆಲ್ಲ ಯಾವ ಜಿಲ್ಲೆಗಾದರೂ ಸಲ್ಲುವ ಮಾತು. ನಮ್ಮ ಜಿಲ್ಲೆಗೇ ಅಂಟಿಕೊಂಡಿರುವುದು ಫ್ಲೋರೈಡ್. ನದಿಯ ಆಸರೆಯಿಲ್ಲದ ನಾಡು, ಕೆರೆಗಳು ಬತ್ತಿದ ಮೇಲೆ ಸಾವಿರ ಅಡಿ ದಾಟಿ ಕೊರೆದೆವು. ಆಳದ ಗ್ರಾನೈಟ್ ಬಂಡೆಯ ಸಂದಿನ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಮಕ್ಕಳ ಹಲ್ಲಿನ ಕಂದು ಕಲೆ ಎಲ್ಲರಿಗೂ ಗೊತ್ತು. ಅದೇ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಬೆನ್ನಿನಲ್ಲಿ ಏನಾಗುತ್ತದೆಂದು ತಿಳಿದವರು ಕಡಿಮೆ. ಮೂಳೆ ದಪ್ಪವಾಗುತ್ತದೆ, ಮೂಳೆಗಳನ್ನು ಕಟ್ಟಿರುವ ಅಸ್ಥಿರಜ್ಜುಗಳೇ ಮೂಳೆಯಾಗುತ್ತವೆ, ಬೆನ್ನುಹುರಿ ಸಾಗುವ ಕೊಳವೆ ಕಿರಿದಾಗುತ್ತದೆ. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಶಾರ್ಟ್ ಎಂಬ ಸಂಶೋಧಕರು ಮತ್ತು ಅವರ ಸಂಗಡಿಗರು 1937ರಲ್ಲೇ ಫ್ಲೋರೋಸಿಸ್ ಎಂಬ ಈ ರೋಗವನ್ನು ವರದಿ ಮಾಡಿದ್ದರು.

ಶ್ರೀನಿವಾಸಪುರ ತಾಲ್ಲೂಕಿನ ರೈತರೊಬ್ಬರನ್ನು ನಾನು ಬಹಳ ಕಾಲ ಬಲ್ಲೆ. ಮೊದಲು ಕತ್ತು ಎತ್ತಿ ತೆಂಗಿನ ಮರ ನೋಡಲಾಗದು ಎಂದರು. ಆಮೇಲೆ ಕುಕ್ಕರಿಸಿ ಕೂರಲಾಗಲಿಲ್ಲ, ಕಾಲು ಮರಗಟ್ಟಿ ಹೆಜ್ಜೆ ಎಳೆದು ನಡೆದರು. ಪಂಚೆ ಒದ್ದೆಯಾಗತೊಡಗಿದಾಗ ಮನೆಯವರು ಸಕ್ಕರೆ ಕಾಯಿಲೆ ಎಂದುಕೊಂಡರು. ರಕ್ತದಲ್ಲಿ ಸಕ್ಕರೆ ಸರಿಯಾಗಿತ್ತು. ಪ್ರಾಸ್ಟೇಟ್ ಇರಬೇಕೆಂದು ಸ್ಕ್ಯಾನ್ ಆಯಿತು, ಅದೂ ಅಲ್ಲ. ಕತ್ತಿನ ಎಂಆರ್‌ಐ ಆಗುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಹುರಿಯ ಮೇಲಿನ ಒತ್ತಡ ತೆಗೆದರು. ಈಗ ಕೋಲು ಹಿಡಿದು ತೋಟದವರೆಗೆ ಹೋಗುತ್ತಾರೆ. ಮೂತ್ರದ ಹಿಡಿತ ಪೂರ್ತಿ ಮರಳಲಿಲ್ಲ.

ಅವರ ಕತ್ತು ಬಿಗಿದ ದಿನಗಳಲ್ಲೇ ಮೂರು ಸಣ್ಣ ಪರೀಕ್ಷೆ ಮಾಡಬಹುದಿತ್ತು. ಮಂಡಿ ಬಗ್ಗಿಸದೆ ನೆಲದ ಮೇಲಿನ ನಾಣ್ಯ ಎತ್ತಿಕೊಳ್ಳಿ, ಗಲ್ಲವನ್ನು ಎದೆಗೆ ಮುಟ್ಟಿಸಿ, ಕೈ ಅಗಲಿಸಿ ಮೊಣಕೈ ಮಡಿಸಿ ತಲೆಯ ಹಿಂಭಾಗ ಮುಟ್ಟಿ. ಇವು ಆಗದಿದ್ದರೆ ಅದೇ ಫ್ಲೋರೋಸಿಸ್ ಎಂದು ತೀರ್ಮಾನಿಸುವಂತಿಲ್ಲ, ಆದರೆ ಮುಂದಿನ ತಪಾಸಣೆಗೆ ಕಳಿಸಲು ಅಷ್ಟು ಸಾಕು. 2008-09ರಿಂದ ಫ್ಲೋರೋಸಿಸ್ ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ಆಶಾ ಕಾರ್ಯಕರ್ತೆ ಮನೆಬಾಗಿಲಲ್ಲಿ ನಿಂತು ಮಾಡಿಸಬಹುದಾದ ಪರೀಕ್ಷೆಗಳು ಈ ಮೂರು. ಮೂತ್ರದ ಪ್ರಶ್ನೆಯನ್ನು ಇವಕ್ಕೆ ನಾಲ್ಕನೆಯದಾಗಿ ಸೇರಿಸಿ ಎನ್ನುತ್ತಿದ್ದೇನೆ.

ನೀರಿನ ವಿಷಯದಲ್ಲಿ ಅಡುಗೆಮನೆಯವರಿಗೊಂದು ಮಾತು. ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತಂದು ಕುಡಿಯುತ್ತೇವೆ, ಮುದ್ದೆಯ ಎಸರಿಗೂ ಬೇಳೆ ಬೇಯಿಸಲೂ ನಲ್ಲಿಯ ಬೋರ್‌ವೆಲ್ ನೀರು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಸಾಂದ್ರವಾಗುತ್ತದೆ. ಅಡುಗೆಗೂ ಕ್ಯಾನಿನ ನೀರೇ ಬೇಕು. ಹಾಗಾಗಿ ಘಟಕ ಕೆಟ್ಟು ನಿಂತರೆ ಅದನ್ನು ಬೀದಿ ದೀಪ ಕೆಟ್ಟಂತೆ ನೋಡದೆ ಆರೋಗ್ಯದ ತುರ್ತು ಎಂದು ಪಂಚಾಯಿತಿ ಪರಿಗಣಿಸಬೇಕು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂದ ಮಾತ್ರಕ್ಕೆ ಅದು ಕುಡಿಯಲು ಯೋಗ್ಯವಾಯಿತೆಂದಲ್ಲ, ಒಂದೊಂದು ಬೋರ್‌ವೆಲ್ಲನ್ನೂ ಪರೀಕ್ಷಿಸಿಯೇ ಹೇಳಬೇಕು.

ತಾಲ್ಲೂಕು ಆಸ್ಪತ್ರೆಗಳಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಹೊರರೋಗಿ ಚೀಟಿಯಲ್ಲಿ ಸೊಂಟ ನೋವಿನವರಿಗೆ ಮೂತ್ರದ ಬಗ್ಗೆ ಒಂದು ಸಾಲು. ವಾರದಲ್ಲಿ ಒಂದು ದಿನವಾದರೂ ಆ ಕೆಗೆಲ್ ವ್ಯಾಯಾಮ ಕಲಿಸಬಲ್ಲ ಮಹಿಳಾ ಫಿಸಿಯೋಥೆರಪಿಸ್ಟ್, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ. ಮೂತ್ರ ಮಾಡಿದ ಮೇಲೂ ಒಳಗೆ ಎಷ್ಟು ಉಳಿದಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ನೋಡುವ ರೂಢಿ. ಕಟ್ಟಿಕೊಳ್ಳುವವರಿಗೆ ದಿನಕ್ಕೆ ನಾಲ್ಕಾರು ಸಲ ತಾವೇ ತೆಳು ಕೊಳವೆ ಹಾಕಿ ಖಾಲಿ ಮಾಡಿಕೊಳ್ಳುವುದನ್ನು ಕಲಿಸುವ ನರ್ಸು. ಇದರಿಂದ ಮೂತ್ರಪಿಂಡ ಉಳಿಯುತ್ತದೆ, ಕೂಲಿಗೂ ಹೋಗಬಹುದು. ಇನ್ನು ನೀರು: ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ನೀರು ಪರೀಕ್ಷಾ ಕಿಟ್‌ನ ತರಬೇತಿ ಕೊಡಬೇಕೆಂದಿದೆ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರಿನ ಆ ಐವರು ಯಾರು, ಅವರ ಕಿಟ್ ಎಲ್ಲಿದೆ, ನಿಮ್ಮ ಬೀದಿಯ ಬೋರ್‌ವೆಲ್‌ನ ಫ್ಲೋರೈಡ್ ಎಷ್ಟು ಬಂತು ಎಂದು ಎದ್ದು ನಿಂತು ಕೇಳಿ.