ಕಾಲ್ಚೆಂಡಿನ ತರುಣರೂ ಅವರ ಮುಂದಿನ ಬಾಳೂ

2025ನೆಯ ಇಸವಿಯ ಜುಲೈ ತಿಂಗಳಲ್ಲಿ ನಮ್ಮ ದೇಶದ ಫುಟ್‌ಬಾಲ್ ಪ್ರಪಂಚದಲ್ಲಿ ನಡೆದ ಒಂದು ಸಂಗತಿಯು ಆಟಗಾರರಿರುವ ಮನೆಗಳಲ್ಲೆಲ್ಲಾ ಚಿಂತೆಯನ್ನುಂಟುಮಾಡಿತು. ಇಂಡಿಯನ್ ಸೂಪರ್ ಲೀಗ್ ಎಂಬ ಹಿರಿಯ ಪಂದ್ಯಾವಳಿಗೆ ಆಧಾರವಾಗಿದ್ದ 15 ವರ್ಷಗಳ ಕರಾರು 2010ರಲ್ಲಿ ಆದುದು; ಅದು 2025ರ ಡಿಸೆಂಬರಿನಲ್ಲಿ ಮುಗಿಯುವುದಾಗಿದ್ದಿತು. ಕರಾರು ನವೀಕೃತವಾಗಲಿಲ್ಲವೆಂಬ ಕಾರಣದಿಂದ ಮುಂದಿನ ಋತುವಿನ ಪಂದ್ಯಗಳನ್ನು ತಡೆಹಿಡಿದಿರುವುದಾಗಿ ಅದನ್ನು ನಡೆಯಿಸುವವರು ಕ್ಲಬ್ಬುಗಳಿಗೆ ತಿಳಿಸಿದರು. ಆಗಸ್ಟ್ ತಿಂಗಳಲ್ಲಿ ಬೆಂಗಳೂರು ಎಫ್. ಸಿ. ಯವರು ತಮ್ಮ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲದವರೆಗೆ ನಿಲ್ಲಿಸಿರುವುದಾಗಿ ಪ್ರಕಟಿಸಿದರು. ಕಿರಿಯರ ತಂಡಗಳಿಗೂ ಬಾಲಕರ ತರಬೇತಿನ ಶಾಲೆಗಳಿಗೂ ಇದರಿಂದ ಬಾಧಕವಿಲ್ಲವೆಂದು ಅದೇ ಪ್ರಕಟಣೆಯಲ್ಲಿ ಹೇಳಿದ್ದರು.

ಮಕ್ಕಳ ಶಿಕ್ಷಣವನ್ನು ನಿಲ್ಲಿಸದಿದ್ದುದು ಸ್ತುತ್ಯವೇ ಸರಿ. ಆದರೆ ಆ ಪ್ರಕಟಣೆಯ ಎರಡು ಮಾತುಗಳನ್ನೂ ಒಟ್ಟಿಗಿಟ್ಟು ಓದಿದ ತಂದೆಗೆ ಒಂದು ಪ್ರಶ್ನೆ ತೋರದೆ ಇರದು. ಹಿರಿಯರಿಗೆ ಸಂಬಳವಿಲ್ಲ, ಹಿರಿಯರಾಗುವುದಕ್ಕಾಗಿ ಕಿರಿಯರ ಅಭ್ಯಾಸ ಮಾತ್ರ ನಡೆದಿದೆ. ಹೀಗಾದರೆ ಬೆಳಗಿನ ಐದು ಗಂಟೆಗೆ ಮಗನನ್ನೆಬ್ಬಿಸಿ ಮೈದಾನಕ್ಕೆ ಕಳುಹಿಸುವ ಮನೆಯವರು ಯಾವ ಭರವಸೆಯ ಮೇಲೆ ಕಳುಹಿಸಬೇಕು? ಆ ಲೀಗಿಗೆ ಮುಂದೆ ಯಾವ ವ್ಯವಸ್ಥೆಯೇ ಆಗಲಿ, ಈ ಪ್ರಶ್ನೆಯು ಹಾಗೆಯೇ ಉಳಿಯುತ್ತದೆ. ಒಂದು ಕರಾರಿನ ಗಡುವು ಮುಗಿದೊಡನೆ ನೂರಾರು ಸಂಸಾರಗಳ ಅನ್ನಕ್ಕೆ ಸಂಚಕಾರ ಬರುವುದಾದರೆ ಅದನ್ನು ಉದ್ಯೋಗವೆನ್ನುವುದು ಕಷ್ಟ. ಒಂದೇ ಕಂಬದ ಮೇಲೆ ಮನೆಯನ್ನು ನಿಲ್ಲಿಸಿದಂತಾಯಿತು.

ಬೆಂಗಳೂರಿಗೆ ಈ ಆಟವು ಹೊಸದಲ್ಲ. ಆಂಗ್ಲ ಸೈನಿಕರೊಡನೆ ದಂಡಿನ ಪ್ರದೇಶಕ್ಕೆ ಬಂದ ಕಾಲ್ಚೆಂಡು ಹಲಸೂರು, ಗೌತಮಪುರ, ಆಸ್ಟಿನ್ ಟೌನ್ ಮೊದಲಾದ ಬಡಾವಣೆಗಳ ಬಡವರ ಮಕ್ಕಳ ಕಾಲಿಗೆ ಬಹುಬೇಗ ಒಗ್ಗಿತು. 1937ರಲ್ಲಿ ಬೆಂಗಳೂರು ಮುಸ್ಲಿಂಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು, ಸೈನಿಕರ ತಂಡಗಳ ಕೈಯಲ್ಲೇ ಇದ್ದ ಆ ಗೌರವವನ್ನು ಪಡೆದ ಮೊದಲನೆಯ ಭಾರತೀಯ ನಾಗರಿಕ ತಂಡವೆನಿಸಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿಗೆ ಎದುರಾಗಿ ಭಾರತದ ಏಕಮಾತ್ರ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದೊಡನೆ 10-1ರಲ್ಲಿ ಸೋತ ಪಂದ್ಯದಲ್ಲಿ ಆ ಒಂದು ಗೋಲನ್ನು ದೊರಕಿಸಿದ ಅಹಮದ್ ಖಾನರೂ ಬೆಂಗಳೂರಿನವರೇ. ಮೈಸೂರು ತಂಡವು ಸಂತೋಷ್ ಟ್ರೋಫಿಯನ್ನು 1946-47, 1952-53, 1967-68, 1968-69ರಲ್ಲಿ ಗೆದ್ದಿತು. ಆ ಬಳಿಕ ಅದೇ ಟ್ರೋಫಿಯು ಕರ್ನಾಟಕಕ್ಕೆ ಮರಳಿ ಬರಲು 54 ವರ್ಷಗಳು ಹಿಡಿದುವು. 2023ರ ಮಾರ್ಚ್ 4ರಂದು ರಿಯಾಧಿನಲ್ಲಿ ನಮ್ಮವರು ಮೇಘಾಲಯವನ್ನು 3-2ರಲ್ಲಿ ಸೋಲಿಸಿದರು. ಇಷ್ಟು ದೀರ್ಘವಾದ ಬರಗಾಲಕ್ಕೆ ಕಾರಣವೇನು? ಮೈದಾನಗಳು ಕಡಿಮೆಯಾದುವು, ಕ್ರಿಕೆಟ್ಟಿನ ಮೋಹ ಹೆಚ್ಚಿತು ಎಂಬ ಉತ್ತರಗಳಲ್ಲಿ ಸತ್ಯಾಂಶವಿದೆ. ಆದರೆ ಇವುಗಳಷ್ಟೇ ಮುಖ್ಯವಾದ ಇನ್ನೊಂದು ಕಾರಣವುಂಟು. ಅದು ಹೊಟ್ಟೆಪಾಡಿಗೆ ಸಂಬಂಧಪಟ್ಟುದು.

ಒಂದು ಕಾಲದಲ್ಲಿ ನಗರದ ಆಟಗಾರನಿಗೆ ಕಾರಖಾನೆಯು ಆಶ್ರಯವಾಗಿದ್ದಿತು. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಹಿಂದುಸ್ತಾನ್ ಏರೋನಾಟಿಕ್ಸ್ ಮೊದಲಾದ ಸಾರ್ವಜನಿಕ ಉದ್ಯಮಗಳು ತಮ್ಮವೇ ಆದ ತಂಡಗಳನ್ನಿಟ್ಟುಕೊಂಡು, ಚೆನ್ನಾಗಿ ಆಡುವ ತರುಣರಿಗೆ ಕೆಲಸ ಕೊಡುತ್ತಿದ್ದುವು. 1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಕಲಕತ್ತೆಯ ಮೋಹನ್ ಬಾಗಾನ್ ತಂಡವನ್ನು 1-0ರಲ್ಲಿ ಸೋಲಿಸಿದವರು ಐ. ಟಿ. ಐ. ಕಾರಖಾನೆಯ ಈ ನೌಕರರೇ. ಅವರ ಸಂಬಳ ದೊಡ್ಡದಲ್ಲ. ಆದರೆ ತಿಂಗಳು ತಿಂಗಳಿಗೆ ತಪ್ಪದೆ ಬರುತ್ತಿದ್ದಿತು. ಮೊಣಕಾಲು ಮುರಿದರೂ ಕೆಲಸ ಹೋಗುತ್ತಿರಲಿಲ್ಲ. ಆಟ ಬಿಟ್ಟ ಮೇಲೆ ಇಪ್ಪತ್ತು ಇಪ್ಪತ್ತೈದು ವರ್ಷ ದುಡಿದು ಮರ್ಯಾದೆಯಿಂದ ನಿವೃತ್ತರಾಗಬಹುದಾಗಿದ್ದಿತು. ಜೀವನದ ಯೋಜನೆಯೆಂಬ ಮಾತನ್ನು ಯಾರೂ ಬಾಯಲ್ಲಿ ಆಡುತ್ತಿರಲಿಲ್ಲ; ಯೋಜನೆ ಮಾತ್ರ ಇದ್ದೇ ಇದ್ದಿತು.

ಆ ಏರ್ಪಾಡಿನಲ್ಲಿ ದೋಷಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ಅರೆದಿನ ದುಡಿದು ಅರೆದಿನ ಆಡುವವನು ಪೂರ್ಣಕಾಲದ ಆಟಗಾರನ ಸಮಕ್ಕೆ ಬರಲಾರನು. ವೃತ್ತಿಪರ ಫುಟ್‌ಬಾಲ್ ಬರಬೇಕಾಗಿದ್ದಿತು, ಬಂದಿತು. ಅದರಿಂದ ಆಟದ ಮಟ್ಟ ಏರಿತು, ಕೆಲವರಿಗೆ ಕೈತುಂಬ ಹಣ ದೊರೆಯಿತು. 2013ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್. ಸಿ. ಯು ಮೂರೇ ವರ್ಷಗಳಲ್ಲಿ ಏಷ್ಯದ ಎ. ಎಫ್. ಸಿ. ಕಪ್ಪಿನ ಅಂತಿಮ ಪಂದ್ಯದವರೆಗೆ ಹೋದುದು ಸಾಮಾನ್ಯ ಸಾಧನೆಯಲ್ಲ. ಆದರೆ ಹೊಸ ಮನೆಯ ಗೋಡೆ ಏಳುವ ಮೊದಲೇ ಹಳೆಯ ಮನೆಯ ಸೂರು ಕಳಚಿಬಿದ್ದಿತು. ಮೊದಲನೆಯ ರಾಷ್ಟ್ರೀಯ ಲೀಗನ್ನು ಗೆದ್ದ ಪಂಜಾಬಿನ ಜೆ. ಸಿ. ಟಿ. ತಂಡವು 2011ರಲ್ಲಿ ಮುಚ್ಚಿತು. 2005-06ರಲ್ಲಿ ಅದೇ ಲೀಗನ್ನು ಗೆದ್ದ ಮುಂಬಯಿಯ ಮಹೀಂದ್ರ ಯುನೈಟೆಡ್ 2010ರಲ್ಲಿಯೇ ಮುಚ್ಚಿದ್ದಿತು. ಗೆಲುವು ಕೂಡ ಆಟಗಾರನ ಅನ್ನವನ್ನು ಕಾಪಾಡಲಾರದೆಂಬುದನ್ನು ಈ ಎರಡು ನಿದರ್ಶನಗಳು ತೋರಿಸಿಕೊಟ್ಟಿವೆ.

ಆದುದರಿಂದ ಚೆಂಡಿನ ತರಬೇತನ್ನೂ ಬಾಳಿನ ಸಿದ್ಧತೆಯನ್ನೂ ಬೇರೆಬೇರೆಯಾಗಿ ಎಣಿಸುವ ಪದ್ಧತಿಯು ಹೋಗಬೇಕೆಂಬುದು ನಮ್ಮ ಅಭಿಪ್ರಾಯ. ಒಳ್ಳೆಯ ತರಬೇತೆಂದರೆ ಆಟಗಾರನನ್ನು ತಯಾರುಮಾಡುವುದು ಮಾತ್ರವಲ್ಲ. ಆಟಗಾರನಾಗಲಾರದ ಹುಡುಗನೂ ಕೆಡದಂತೆ ನೋಡಿಕೊಳ್ಳುವುದು. ಏಕೆಂದರೆ ಹನ್ನೆರಡನೆಯ ವಯಸ್ಸಿನಲ್ಲಿ ಸೇರಿದವರಲ್ಲಿ ಬಹುಮಂದಿ ಮೇಲಿನ ದರ್ಜೆಯನ್ನು ಮುಟ್ಟುವುದಿಲ್ಲ. ಇದು ನಮ್ಮ ದೇಶದ ಮಾತಷ್ಟೇ ಅಲ್ಲ, ಎಲ್ಲ ದೇಶಗಳಲ್ಲಿಯೂ ಹಾಗೆಯೇ.

ಮೊದಲು ಆಯ್ಕೆಯ ವಿಚಾರ. ಹದಿಮೂರು ವರ್ಷದ ಹುಡುಗರನ್ನು ಸಾಲಾಗಿ ನಿಲ್ಲಿಸಿದರೆ ಉದ್ದವಾಗಿ ಬೆಳೆದವನೂ ಬಲವಾಗಿ ಒದೆಯುವವನೂ ಕಣ್ಣಿಗೆ ಬೀಳುತ್ತಾರೆ. ವಯೋಮಿತಿಯನ್ನು ಜನವರಿ 1ರಿಂದ ಎಣಿಸುವ ಕಡೆಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿ ಆಯ್ಕೆಯಾಗುವರೆಂಬುದು ಅನೇಕ ದೇಶಗಳಲ್ಲಿ ಪರಿಶೀಲಿಸಿ ಕಂಡುಕೊಂಡಿರುವ ಸಂಗತಿ. ಡಿಸೆಂಬರಿನಲ್ಲಿ ಹುಟ್ಟಿದ ಹುಡುಗನಲ್ಲಿ ಕಡಿಮೆಯಾಗಿರುವುದು ಪ್ರತಿಭೆಯಲ್ಲ, ಹನ್ನೊಂದು ತಿಂಗಳ ಬೆಳವಣಿಗೆ. ಇದನ್ನರಿಯದ ತರಬೇತುದಾರನು ಮುಂದೆ ಅರಳಬಹುದಾದ ಮೊಗ್ಗುಗಳನ್ನು ಹಿಸುಕಿಹಾಕುತ್ತಾನೆ.

ಇದಕ್ಕಿಂತಲೂ ಘೋರವಾದುದು ವಯಸ್ಸನ್ನು ತಿದ್ದುವ ಚಾಳಿ. ಹದಿನಾರು ವರ್ಷದವನನ್ನು ಹದಿಮೂರು ವರ್ಷದವರ ತಂಡದಲ್ಲಿ ನುಗ್ಗಿಸಿ ಗೆಲುವನ್ನು ತಂದುಕೊಳ್ಳುವವರುಂಟು. ಈಗ ಮಣಿಕಟ್ಟಿನ ಎಲುಬುಗಳ ಕ್ಷಕಿರಣ ಚಿತ್ರವನ್ನು ತೆಗೆದು ಬೆಳವಣಿಗೆಯನ್ನು ಅಳೆಯುವ ಪರೀಕ್ಷೆಯನ್ನು ಫೆಡರೇಷನ್ನಿನವರು ಬಳಕೆಗೆ ತಂದಿದ್ದಾರೆ. ಮೋಸವು ಹೊರಬೀಳುವುದು ಹಿಂದಿಗಿಂತ ಸುಲಭವಾಗಿದೆ. ಆದರೆ ಹೊರಬಿದ್ದಾಗ ಶಿಕ್ಷೆ ಅನುಭವಿಸುವವನು ಹುಡುಗ. ಶಾಲೆಯ ದಾಖಲೆಯಲ್ಲೊಂದು, ಆಟದ ದಾಖಲೆಯಲ್ಲೊಂದು ಹುಟ್ಟಿದ ದಿನವಿರುವವನಿಗೆ ಮುಂದೆ ಪಾಸ್‌ಪೋರ್ಟಿನಲ್ಲಿಯೂ ನೌಕರಿಯಲ್ಲಿಯೂ ತೊಡಕು ತಪ್ಪದು. ಒಂದು ಕಪ್ಪಿಗಾಗಿ ಮಗನ ಆಯುಷ್ಯದ ಲೆಕ್ಕವನ್ನೇ ಕೆಡಿಸಬಾರದು.

ಎರಡನೆಯದು ದೇಹದ ರಕ್ಷಣೆ. ಬೆಳೆಯುವ ವಯಸ್ಸಿನಲ್ಲಿ ಎಲುಬು ಮುಂದೆ ಓಡುತ್ತದೆ, ಸ್ನಾಯು ಹಿಂದೆ ಉಳಿಯುತ್ತದೆ. ಆಗ ಮೊಣಕಾಲಿನ ಕೆಳಗೆ ಬರುವ ನೋವನ್ನು ಸೋಮಾರಿತನವೆಂದು ಗದರಿಸಿ ಓಡಿಸುವುದು ಅಜ್ಞಾನ. ಫೀಫಾ ಸಂಸ್ಥೆಯವರು 2006ರಲ್ಲಿ ಬಳಕೆಗೆ ತಂದ ‘ಇಲೆವೆನ್ ಪ್ಲಸ್’ ಎಂಬ ಸಿದ್ಧತೆಯ ವ್ಯಾಯಾಮಕ್ರಮಕ್ಕೆ ಇಪ್ಪತ್ತು ನಿಮಿಷಗಳು ಸಾಕು, ಉಪಕರಣವೇನೂ ಬೇಡ. ಅದನ್ನು ವಾರಕ್ಕೆ ಎರಡು ಮೂರು ಬಾರಿ ತಪ್ಪದೆ ಮಾಡಿದ ತಂಡಗಳಲ್ಲಿ ಪೆಟ್ಟುಗಳು ಗಣನೀಯವಾಗಿ ಕಡಿಮೆಯಾದುವೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಬಡ ಕ್ಲಬ್ಬುಗಳಿಗೂ ಎಟಕುವ ಈ ಉಪಾಯವನ್ನು ಉಪೇಕ್ಷಿಸುವುದು ಸರಿಯಲ್ಲ. ಮೊಣಕಾಲಿನೊಳಗಿನ ಕಟ್ಟು ಹರಿದರೆ ಮರಳಿ ಆಡಲು ಒಂಬತ್ತು ತಿಂಗಳೋ ಅದಕ್ಕಿಂತ ಹೆಚ್ಚೋ ಬೇಕಾಗುವುದು. ಬಡವನ ಮಗನಿಗೆ ಆ ಒಂಬತ್ತು ತಿಂಗಳೇ ಆಟದ ಕೊನೆಯಾಗಬಹುದು. ವಿಮೆಯಿಲ್ಲದ ತಂಡಕ್ಕೆ ಮಗನನ್ನು ಸೇರಿಸುವ ಮುನ್ನ ತಂದೆಯಾದವನು ಎರಡು ಸಲ ಯೋಚಿಸಬೇಕು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ವಿದ್ಯೆ. “ಓದು ಹಿಂದಿನಿಂದ ಬಂದೀತು, ಆಟದ ವಯಸ್ಸು ಮರಳಿ ಬಾರದು” ಎಂದು ಹೇಳಿ ಹುಡುಗರನ್ನು ಶಾಲೆಯಿಂದ ಬಿಡಿಸುವವರಿದ್ದಾರೆ. ಆಟದಲ್ಲಿ ಮುಂದಾಗಿರುವ ದೇಶಗಳ ಅನುಭವವು ಇದಕ್ಕೆ ವಿರುದ್ಧವಾಗಿದೆ. 2000ದ ಯೂರೋಪ್ ಪಂದ್ಯಾವಳಿಯಲ್ಲಿ ಮಾನಭಂಗಕ್ಕೊಳಗಾದ ಜರ್ಮನರು ಆ ಬಳಿಕ ತಮ್ಮ ಮೇಲಿನ ಎರಡು ದರ್ಜೆಗಳ ಕ್ಲಬ್ಬುಗಳೆಲ್ಲಾ ಕಿರಿಯರ ತರಬೇತು ಕೇಂದ್ರವನ್ನು ನಡೆಯಿಸತಕ್ಕದ್ದೆಂದು ವಿಧಿಸಿದರು. ಅವುಗಳ ಜೊತೆಗೆ ಶಾಲೆಗಳನ್ನೂ ಹೊಂದಿಸಿದರು. 2014ರಲ್ಲಿ ಅವರು ವಿಶ್ವಕಪ್ಪನ್ನು ಗೆದ್ದರು. ಇಂಗ್ಲೆಂಡಿನಲ್ಲಿ ಹದಿನಾರರಿಂದ ಹದಿನೆಂಟು ವರ್ಷದ ಉಮೇದುವಾರರು ಕ್ಲಬ್ಬಿನಲ್ಲಿದ್ದುಕೊಂಡೇ ಓದನ್ನು ಮುಂದುವರಿಸಬೇಕು. ಇದನ್ನು ನೋಡಿಕೊಳ್ಳಲೆಂದು ಅಲ್ಲಿನ ಲೀಗೂ ಆಟಗಾರರ ಸಂಘವೂ ಕೂಡಿ 2004ರಲ್ಲಿ ಒಂದು ಸಂಸ್ಥೆಯನ್ನೇ ಕಟ್ಟಿದರು. ನಮ್ಮಲ್ಲಿಯೂ ಮಾರ್ಗದರ್ಶಕರಿಲ್ಲದಿಲ್ಲ: 1987ರಲ್ಲಿ ಜಮ್‌ಷೆಡ್‌ಪುರದಲ್ಲಿ ತೆರೆದ ಟಾಟಾ ಫುಟ್‌ಬಾಲ್ ಅಕಾಡೆಮಿಯು ವಸತಿ, ಆಟ, ಓದು ಇವುಗಳನ್ನು ಒಂದೇ ಸೂರಿನಡಿಯಲ್ಲಿ ತಂದಿತು. ಪರೀಕ್ಷೆಗೂ ಪಂದ್ಯಕ್ಕೂ ಒಂದೇ ದಿನ ಬೀಳದಂತೆ ನೋಡಿಕೊಳ್ಳುವುದು ವಿದ್ಯಾ ಇಲಾಖೆಯವರಿಗೂ ಫುಟ್‌ಬಾಲ್ ಸಂಸ್ಥೆಯವರಿಗೂ ಅಸಾಧ್ಯವಾದ ಕೆಲಸವಲ್ಲ. ಇಬ್ಬರೂ ಒಂದು ಮೇಜಿನ ಸುತ್ತ ಕುಳಿತರೆ ಸಾಕು.

ನಾಲ್ಕನೆಯದು ಕಾಗದಪತ್ರಗಳ ಜ್ಞಾನ. ಹದಿನೆಂಟು ತುಂಬದವನೊಡನೆ ಮೂರು ವರ್ಷಕ್ಕಿಂತ ದೀರ್ಘವಾದ ಕರಾರನ್ನು ಫೀಫಾ ನಿಯಮಗಳು ಒಪ್ಪುವುದಿಲ್ಲ. ಅಂಥವನನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗಮಾಡುವುದೂ ಕೆಲವು ಅಪವಾದಗಳನ್ನು ಬಿಟ್ಟರೆ ನಿಷಿದ್ಧ. ಇಷ್ಟನ್ನು ತಿಳಿದ ತಂದೆಯು, ‘ಪರದೇಶದ ಕ್ಲಬ್ಬಿನಲ್ಲಿ ಪರೀಕ್ಷೆ ಮಾಡಿಸುತ್ತೇನೆ, ಮುಂಗಡ ಕೊಡಿ’ ಎಂದು ಬರುವ ದಲ್ಲಾಳಿಗೆ ಹೊಲ ಮಾರಿ ಹಣ ಸುರಿಯುವುದಿಲ್ಲ. ಕ್ಲಬ್ಬುಗಳಿಗೂ ಇದರಲ್ಲಿ ಪಾಠವಿದೆ. ಆಟಗಾರನು ಕರಾರಿನ ನಡುವೆ ಹಣಕ್ಕೆ ದೇಶಾಂತರದ ಕ್ಲಬ್ಬಿಗೆ ಹೋದಾಗ, ಆ ಮೊತ್ತದಲ್ಲಿ ನೂರಕ್ಕೆ 5ರಷ್ಟನ್ನು ಅವನ 12ರಿಂದ 23ರವರೆಗಿನ ವಯಸ್ಸಿನಲ್ಲಿ ಅವನನ್ನು ಬೆಳೆಯಿಸಿದ ಕ್ಲಬ್ಬುಗಳಿಗೆ ಹಂಚಬೇಕೆಂಬ ನಿಯಮವುಂಟು. ಗೌತಮಪುರದ ಚಿಕ್ಕ ಕ್ಲಬ್ಬಿನವರೂ ಈ ಪಾಲನ್ನು ಕೇಳಬಹುದು. ಆದರೆ ಹುಡುಗನನ್ನು ಕ್ರಮವಾಗಿ ನೋಂದಾಯಿಸಿರಬೇಕು. ನೋಂದಣಿಯಿಲ್ಲದವನಿಗೆ ಹಕ್ಕೂ ಇಲ್ಲ.

ಕೊನೆಯದಾಗಿ, ಆಟ ಮುಗಿದ ಮೇಲಿನ ಮಾತು. ಮೂವತ್ತೈದು ದಾಟಿದ ಮೇಲೆ ಆಡುವವರು ವಿರಳ. ಮನುಷ್ಯನ ಬಾಳಿನ ಅರ್ಧಕ್ಕಿಂತ ಹೆಚ್ಚು ಅಲ್ಲಿಂದಾಚೆಗೇ ಇದೆ. ತರಬೇತುದಾರನ ಪರವಾನಗಿಗೆ ‘ಡಿ’ ದರ್ಜೆಯಿಂದ ಮೊದಲುಗೊಂಡು ಮೆಟ್ಟಿಲುಗಳಿವೆ; ಇಪ್ಪತ್ತೈದರಲ್ಲಿಯೇ ಮೊದಲ ಮೆಟ್ಟಿಲನ್ನು ಹತ್ತಿದವನು ಮೂವತ್ತೈದರಲ್ಲಿ ಕೈಚಾಚಬೇಕಾಗಿಲ್ಲ. ರೆಫರಿಯ ಕೆಲಸ, ದೈಹಿಕ ಚಿಕಿತ್ಸೆ, ಶಾಲೆಯ ವ್ಯಾಯಾಮ ಶಿಕ್ಷಕನ ಹುದ್ದೆ, ಮೈದಾನದ ಪಾಲನೆ ಇವೆಲ್ಲವೂ ಗೌರವದ ವೃತ್ತಿಗಳೇ. ರೈಲ್ವೆ, ಸೈನ್ಯ, ಪೊಲೀಸು ಮುಂತಾದೆಡೆ ಕ್ರೀಡಾಪಟುಗಳಿಗೆ ಇಂದಿಗೂ ಸ್ಥಾನವಿದೆ. ಆದರೆ ಅದಕ್ಕೆ ಅರ್ಜಿ ಹಾಕಲು ಪರೀಕ್ಷೆಯಲ್ಲಿ ತೇರ್ಗಡೆಯಾದ ಕಾಗದವೂ ಬೇಕು. ಹುಡುಗಿಯರ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚಾಗಿ ಸಲ್ಲುವುದು. ಅವರ ಲೀಗು ಹೊಸದು, ವರಮಾನ ತೀರ ಕಡಿಮೆ.

ಇಷ್ಟನ್ನೂ ತಾಯಿತಂದೆಗಳ ತಲೆಯ ಮೇಲೆ ಹೊರಿಸಿ ಉಳಿದವರು ಕೈಕಟ್ಟಿ ಕೂಡುವುದು ನ್ಯಾಯವಲ್ಲ. ಹುಡುಗರಿಂದ ಶುಲ್ಕ ತೆಗೆದುಕೊಂಡು ಫುಟ್‌ಬಾಲ್ ಕಲಿಸುವ ಸಂಸ್ಥೆಗಳು ಮೂರು ಷರತ್ತುಗಳಿಗೆ ಒಳಪಡಬೇಕು: ಹದಿನೆಂಟರವರೆಗೆ ಶಾಲೆಯ ಹಾಜರಿ, ಪ್ರತಿಯೊಬ್ಬನಿಗೂ ವಿಮೆ, ವರ್ಷಕ್ಕೊಮ್ಮೆ ಪೋಷಕರಿಗೆ ಹುಡುಗನ ಸ್ಥಿತಿಗತಿಯ ಬಗ್ಗೆ ಮುಚ್ಚುಮರೆಯಿಲ್ಲದ ಲಿಖಿತ ವರದಿ. ಇವನ್ನು ಒಪ್ಪದವರಿಗೆ ರಾಜ್ಯದ ಫುಟ್‌ಬಾಲ್ ಸಂಸ್ಥೆಯ ಮನ್ನಣೆ ದೊರೆಯಬಾರದು. ಸಾರ್ವಜನಿಕ ಉದ್ಯಮಗಳನ್ನು ನಡೆಯಿಸುವ ಮಹನೀಯರು ಹಿಂದಿನವರು ಹಾಕಿಕೊಟ್ಟ ಮೇಲ್ಪಂಕ್ತಿಯನ್ನು ನೆನೆದು, ಪ್ರತಿವರ್ಷವೂ ಕೆಲವು ಉಮೇದುವಾರಿ ಸ್ಥಾನಗಳನ್ನಾದರೂ ಆಟಗಾರರಿಗಾಗಿ ಮೀಸಲಿಡಬೇಕು. ಕಾರಖಾನೆಯ ತಂಡಗಳ ಕಾಲ ಮರಳಿ ಬಾರದಿರಬಹುದು. ಕಾರಖಾನೆಯ ಹಾಜರಿಪುಸ್ತಕದಲ್ಲಿ ಒಬ್ಬ ಆಟಗಾರನ ಹೆಸರು ಬರೆಯಲು ಮಾತ್ರ ಈಗಲೂ ಅಡ್ಡಿಯಿಲ್ಲ.

ಗೌತಮಪುರದಲ್ಲಿ ಬ್ರೆಜಿಲಿನ ಪೆಲೆಯವರ ಪ್ರತಿಮೆಯೊಂದಿದೆ. ಕೂಲಿ ಮಾಡುವವರ ಕೇರಿಯು ದೂರದ ದೇಶದ ಒಬ್ಬ ಆಟಗಾರನಿಗೆ ಸಲ್ಲಿಸಿದ ಆ ಪ್ರೀತಿಯಲ್ಲಿ ಲೋಪವೇನೂ ಇಲ್ಲ. ಅದರ ಮುಂದೆ ಆಡುತ್ತ ಬೆಳೆಯುವ ನೂರು ಹುಡುಗರಲ್ಲಿ ಒಬ್ಬನು ದೇಶಕ್ಕಾಗಿ ಆಡಿದರೆ ಊರೆಲ್ಲಾ ಹೆಮ್ಮೆಪಡುವೆವು. ಉಳಿದ ತೊಂಬತ್ತೊಂಬತ್ತು ಮಂದಿ ಏನಾದರೆಂಬುದನ್ನು ಕೇಳುವವರು ಯಾರು? ಆ ಲೆಕ್ಕವನ್ನು ಕೇಳಿ ಇಟ್ಟುಕೊಳ್ಳುವ ಸಮಾಜದಲ್ಲಿ ಮಾತ್ರ ತಾಯಂದಿರು ತಮ್ಮ ಮಕ್ಕಳನ್ನು ಅಂಜಿಕೆಯಿಲ್ಲದೆ ಮೈದಾನಕ್ಕೆ ಕಳುಹಿಸಿಯಾರು.