ಗೃಹಾರೋಗ್ಯ ವಿಚಾರ: ಮಜ್ಜೆಯ ಕಸಿಯಾದವರ ಉಸಿರು

ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯಂತಹ ಊರಿನಲ್ಲಿ ಸುಗ್ಗಿ ಬಂದಿತೆಂದರೆ ಒಕ್ಕಣೆಯ ಧೂಳೂ ಹುಲ್ಲಿನ ಮೆದೆಯೂ ಇಲ್ಲದ ಮನೆಯುಂಟೆ? ಆರೋಗ್ಯವಂತರಿಗೆ ಇವುಗಳಿಂದ ಹೆಚ್ಚಿನ ಬಾಧೆಯಿಲ್ಲ. ಆದರೆ ಮೂಳೆಮಜ್ಜೆಯ ಕಸಿಯನ್ನು ಮಾಡಿಸಿಕೊಂಡು ಬೆಂಗಳೂರಿನಿಂದಲೋ ವೆಲ್ಲೂರಿನಿಂದಲೋ ಊರಿಗೆ ಮರಳಿದವರ ವಿಷಯವೇ ಬೇರೆ. ಅಂಥವರ ಮನೆಯವರು ತಿಳಿದಿರತಕ್ಕ ಕೆಲವು ಸಂಗತಿಗಳನ್ನು ಈ ತಿಂಗಳು ವಾಚಕರಲ್ಲಿ ಅರಿಕೆ ಮಾಡುತ್ತೇವೆ.

ರಕ್ತದ ಕ್ಯಾನ್ಸರ್ ಮೊದಲಾದ ರೋಗಗಳಲ್ಲಿ, ಕೆಟ್ಟ ಮಜ್ಜೆಯನ್ನು ಪ್ರಬಲವಾದ ಔಷಧಗಳಿಂದ ಅಡಗಿಸಿ, ದಾನಿಯ ಮೂಲಕಣಗಳನ್ನು ರಕ್ತನಾಳದ ಮೂಲಕ ಸೇರಿಸುವುದೇ ಈ ಚಿಕಿತ್ಸೆ. ಇದನ್ನು ಸಾಧಿಸಿ ತೋರಿದ ಅಮೆರಿಕದ ವೈದ್ಯರಾದ ಡಾನಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ನಮ್ಮ ದೇಶದಲ್ಲಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಇದು ಮೊದಲು ನಡೆಯಿತು.

ಕಸಿಯಾದ ಮೊದಲ ನೂರು ದಿನಗಳಲ್ಲಿ ಶ್ವಾಸಕೋಶಕ್ಕೆ ಸೋಂಕಿನ ಭಯವು ಹೆಚ್ಚು. ಬೂಷ್ಟು ಹಿಡಿದ ಹುಲ್ಲಿನಲ್ಲಿಯೂ ತಿಪ್ಪೆಯಲ್ಲಿಯೂ ಇರುವ ಶಿಲೀಂಧ್ರದ ಕಣಗಳು ಉಸಿರಿನೊಡನೆ ಒಳಹೊಕ್ಕು ನ್ಯುಮೋನಿಯವನ್ನು ತರಬಲ್ಲವು. ನೂರು ದಿನಗಳು ಕಳೆದುವೆಂದು ನಿಶ್ಚಿಂತರಾಗಲಾಗದು. ದಾನಿಯ ಕಣಗಳು ರೋಗಿಯ ದೇಹವನ್ನೇ ಪರಕೀಯವೆಂದು ಬಗೆದು, ತಿಂಗಳುಗಳ ಮೇಲೆಯೂ ಶ್ವಾಸಕೋಶದ ಸೂಕ್ಷ್ಮ ನಾಳಗಳನ್ನು ಕೆರಳಿಸಿ ಕಿರಿದುಗೊಳಿಸುವುದುಂಟು. ಆಗ ಜ್ವರ ಬಾರದೆಯೂ ಇರಬಹುದು. ಒಣಕೆಮ್ಮು, ಮೆಟ್ಟಿಲೇರುವಾಗ ಏದುಸಿರು, ಇಷ್ಟೇ ಕುರುಹು. ಮನೆಯವರು ಇದನ್ನು ಕಾಯಿಲೆಯ ನಿತ್ರಾಣವೆಂದೇ ತಿಳಿದು ಸುಮ್ಮನಾಗುತ್ತಾರೆ. ಅನರ್ಥಕ್ಕೆ ಮೂಲವು ಇದೇ. ಒಮ್ಮೆ ಗಾಯಗಟ್ಟಿ ಮುಚ್ಚಿದ ನಾಳವು ಮೊದಲಿನಂತೆ ತೆರೆಯುವುದು ದುರ್ಲಭ; ಚಿಕಿತ್ಸೆಯಿಂದ ಮುಖ್ಯವಾಗಿ ಮುಂದಣ ಹಾನಿಯನ್ನು ತಡೆಯಬಹುದು.

ಆದುದರಿಂದಲೇ ವೈದ್ಯರು ಕಸಿಗೆ ಮುಂಚೆಯೂ ಅನಂತರ ಆಗಾಗ್ಗೆಯೂ ಸ್ಪೈರೋಮೀಟರ್ ಎಂಬ ಯಂತ್ರಕ್ಕೆ ಊದಿಸಿ, ಉಸಿರಿನ ಬಲವನ್ನು ಅಳೆದು ಹೋಲಿಸುತ್ತಾರೆ. ರೋಗಿಗೆ ಏನೂ ತೋರದಿರುವಾಗಲೇ ಈ ಅಳತೆಯು ಕುಗ್ಗಿರಬಹುದು. ಮೈ ಹಗುರವಾಗಿದೆ, ಬಸ್ಸಿನ ಖರ್ಚು ದಂಡವೆಂದು ಈ ಪರೀಕ್ಷೆಯನ್ನು ತಪ್ಪಿಸಬಾರದು.

ಇನ್ನು ಮನೆಯಲ್ಲಿ ನಡೆಸತಕ್ಕ ಕ್ರಮ. ವೈದ್ಯರು ಅನುಮತಿ ಕೊಡುವ ತನಕ ರೋಗಿಯನ್ನು ಕಣ, ಮೆದೆ, ಕೊಟ್ಟಿಗೆ, ತಿಪ್ಪೆಗಳಿಂದ ದೂರವಿರಿಸಿರಿ. ಆಲೆಮನೆಯ ಹೊಗೆಯೂ ಒಲೆಯ ಹೊಗೆಯೂ ಬೀಡಿಯ ಹೊಗೆಯೂ ಸಲ್ಲವು. ನೆಗಡಿಯಾದವರು ಹತ್ತಿರ ಸುಳಿಯಬಾರದು. ಹಿಂದೆ ಹಾಕಿಸಿದ ಲಸಿಕೆಗಳ ಬಲವು ಕುಂದಿರುವುದರಿಂದ, ವೈದ್ಯರು ಗೊತ್ತುಮಾಡಿದ ಕಾಲದಲ್ಲಿ ಅವನ್ನು ಮತ್ತೆ ಹಾಕಿಸಬೇಕು. ಜ್ವರವಾಗಲಿ ಏದುಸಿರಾಗಲಿ ಕಂಡರೆ ಅಂಗಡಿಯ ಕೆಮ್ಮಿನ ಔಷಧವನ್ನು ಕುಡಿಸಿ ಕಾಲಹರಣ ಮಾಡದೆ, ಅದೇ ದಿನ ಕಸಿ ಮಾಡಿದ ಆಸ್ಪತ್ರೆಗೆ ತಿಳಿಸಬೇಕು.

ಸುಗ್ಗಿಯಲ್ಲಿ ಸುಮ್ಮನೆ ಕುಳಿತಿರಲು ರೈತನ ಮಗನಿಗೆ ನಾಚಿಕೆಯೆನಿಸುವುದು ಸಹಜ. ಈ ವರ್ಷ ಅವನ ಪಾಲಿನ ಕೆಲಸವನ್ನು ನೆರೆಯವರು ಹಂಚಿಕೊಳ್ಳಲಿ. ಅವನು ಜಗಲಿಯಲ್ಲಿ ನಿರಾಯಾಸವಾಗಿ ಉಸಿರಾಡಿಕೊಂಡು ಕುಳಿತಿದ್ದರೆ ಆ ಮನೆಗೆ ಅದೇ ದೊಡ್ಡ ಫಸಲೆಂದು ನಾವು ಭಾವಿಸುತ್ತೇವೆ.