ಮಗಂದು ಆರೋಗ್ಯ, ಮಗಳದು ಶೋಕಿ ಏನ್ರಿ?

ಹೋದ ದೀಪಾವಳಿಗೆ ನಮ್ಮ ಮನ್ಯಾಗ ಎರಡು ಬೇಡಿಕಿ ಬಂದ್ವು. ಮಗಂಗ ಬಾಗಲಕ್ಕ ಹಾಕಿ ಜೋತಾಡೋ ಪುಲ್-ಅಪ್ ಬಾರ್ ಬೇಕಿತ್ತು. ಮಗಳಿಗೆ, ಒತ್ತಿದ ಕೂಡಲೇ ಫೋಟೋ ಹೊರಗ ಬರೋ ಇನ್‌ಸ್ಟಂಟ್ ಕ್ಯಾಮೆರಾ. ನಮ್ಮನಿಯವ್ರು ಬಾರಿಗೆ ತಕ್ಷಣ ಹೂಂ ಅಂದ್ರು. "ಆರೋಗ್ಯದ ಸಾಮಾನು, ತೊಗೊಳ್ಳಿ." ಕ್ಯಾಮೆರಾಕ್ಕ ಮಾತ್ರ, "ಕೈಯಾಗ ಫೋನ್ ಇಲ್ಲೇನು? ಅದೆಂಥಾ ಶೋಕಿ?" ಖರೇ ಹೇಳ್ತೀನಿ, ನಾನೂ ಹಂಗೇ ಅಂದೆ. ಮಗಳು ಒಂದೇ ಮಾತು ಕೇಳಿದ್ಲು: "ಅಮ್ಮಾ, ಅವಂಗ ಯಾಕ ಬೇಕು ಅಂತ ನೀ ಕೇಳಲೇ ಇಲ್ಲಲಾ?" ನನ್ನ ಹತ್ರ ಉತ್ತರ ಇರಲಿಲ್ಲ.

ಅವತ್ತೇ ಠರಾಯಿಸಿದೆ, ಎರಡಕ್ಕೂ ಒಂದೇ ತಕ್ಕಡಿ. ನಮ್ಮ ಮನಿಗೆ ಹೊಂದತದೇನು? ತಂದ ಮ್ಯಾಲ ಮತ್ತೆಷ್ಟು ರೊಕ್ಕ ತಿಂತದ? ತಪ್ಪಿದ್ರ ಏನಾಗ್ತದ?

ಬಾರಿನ್ಯಾಗ ಮುಖ್ಯವಾಗಿ ಎರಡು ನಮೂನಿ ಅವ. ಒಂದು, ಚೌಕಟ್ಟಿನ ಮ್ಯಾಲಿನ ಅಂಚಿಗೆ ಸಿಗಿಸೋದು. ಅದಕ್ಕ ಗೋಡಿಯಿಂದ ಮುಂದ ಬಂದಿರೋ ಅಂಚು ಬೇಕು. ನಮ್ಮ ಕಡೆ ಮನಿಗಳೊಳಗ ಚೌಕಟ್ಟು ಗಿಲಾವಿಗೆ ಸಮ ಇರತದ, ಅದು ಕೂಡಂಗೇ ಇಲ್ಲ. ಇನ್ನೊಂದು, ಎರಡು ಕಂಬದ ನಡುವ ತಿರುವಿ ಬಿಗಿ ಮಾಡೋದು. ನಾವು ಅದನ್ನ ತಂದ್ವಿ. ಡಬ್ಬಿ ಮ್ಯಾಲ ಸ್ಕ್ರೂ ಬ್ಯಾಡ ಅಂತ ಬರದಿತ್ತು, ನಾವೂ ನಂಬಿದ್ವಿ. ವಾರದಾಗ ಬಾರ್ ಸಡಿಲಾಗಿ ಜಾರಿ, ಹುಡುಗ ಹೊಸ್ತಿಲ ಮ್ಯಾಲ ಬಿದ್ದ. ದೇವರ ದಯಾ, ಬೆನ್ನಿಗೆ ಬರೇ ಮೂಕಪೆಟ್ಟು. ಬಡಿಗ್ಯಾರು ಬಂದು ಚೌಕಟ್ಟು ಬಡದು ನೋಡಿದ್ರ ಒಂದು ಕಡೆ ಒಳಗ ಗೆದ್ದಲು ತಿಂದು ಟೊಳ್ಳಾಗಿತ್ತು! ಈಗ ನಡುಮನಿ ಬಾಗಲದ ಗಟ್ಟಿ ಕಟಗಿಗೆ ಬಟ್ಟಲು ಕೂಡ್ಸಿ ಸ್ಕ್ರೂ ಹೊಡಿಸೇವಿ. ಜೋತು ಬೀಳೋಕಿಂತ ಮೊದಲ ದಿನಾ ಕೈಲೆ ಅಲುಗಾಡಿಸಿ ನೋಡಬೇಕು ಅಂತ ಕಟ್ಟಪ್ಪಣಿ.

ಕ್ಯಾಮೆರಾದ ಲೆಕ್ಕ ಬ್ಯಾರೆ. ಬಾರಿಗೆ ಒಂದೇ ಸಲ ರೊಕ್ಕ, ಇದಕ್ಕ ಫಿಲ್ಮಿನ ರೊಕ್ಕ ಮುಗಿಯಂಗೇ ಇಲ್ಲ. ಇನ್‌ಸ್ಟಾಕ್ಸ್ ಮಿನಿ ಪ್ಯಾಕಿನ್ಯಾಗ 10 ಹಾಳಿ. ನಮ್ಮೂರ ಅಂಗಡ್ಯಾಗ ಒಂದೊಂದಕ್ಕ ಐವತ್ತರ ಸುತ್ತಮುತ್ತ ಬಿತ್ತು. ಹಾಳಿ ಎಟಿಎಂ ಕಾರ್ಡಿನಷ್ಟು, ಅದರಾಗ ಚಿತ್ರ 62×46 ಮಿಲಿಮೀಟರ್. ಸ್ಕ್ವೇರ್, ವೈಡ್ ಅಂತ ದೊಡ್ಡವೂ ಅವ, ಆದ್ರ ಒಂದರ ಹಾಳಿ ಇನ್ನೊಂದಕ್ಕ ಹೋಗಂಗಿಲ್ಲ. ಅದಕ್ಕ ಮೊದಲ ಫಿಲ್ಮಿನ ರೇಟು ಕೇಳ್ರಿ, ಆಮ್ಯಾಲ ಕ್ಯಾಮೆರಾ ಆರಸ್ರಿ. ಫಿಲ್ಮಿನ ಡಬ್ಬಿ ಮ್ಯಾಲಿನ ತಾರೀಖು ನೋಡ್ರಿ, ಬಿಸಲಾಗ ಇಡಬ್ಯಾಡ್ರಿ. ಹೊರಗ ಬಂದ ಫೋಟೋ ಝಾಡಿಸಬ್ಯಾಡ್ರಿ, ಒಂದೂವರೆ ನಿಮಿಷದಾಗ ತಾನೇ ಮೂಡತದ. ನೆಗೆಟಿವ್ ಇರಂಗಿಲ್ಲ, ಕಳದ್ರ ಕಳೀತು.

ಅಂದಂಗ, ಈ ಕ್ಯಾಮೆರಾ ಹುಟ್ಟಿದ್ದೇ ಒಂದು ಹೆಣ್ಣುಮಗು ಕೇಳಿದ್ದಕ್ಕಂತ. 1943ರಾಗ ಅಮೆರಿಕಾದ ಎಡ್ವಿನ್ ಲ್ಯಾಂಡ್ ಮಗಳ ಫೋಟೋ ತಗದಾಗ, ಮೂರು ವರ್ಷದ ಆ ಕೂಸು "ಈಗಲೇ ಯಾಕ ನೋಡಲಿಕ್ಕೆ ಬರಂಗಿಲ್ಲ?" ಅಂತ ಕೇಳಿತಂತ. 1948ರಾಗ ಅವರ ಪೋಲರಾಯ್ಡ್ ಕ್ಯಾಮೆರಾ ಅಂಗಡಿಗೆ ಬಂತು. ಅವರೂ ನಮ್ಮಂಗ "ಸುಮ್ಮನಿರು" ಅಂದಿದ್ರ?

ನಾವು ಕ್ಯಾಮೆರಾ ತಂದ್ವಿ, ತಿಂಗಳಿಗೆ ಒಂದೇ ಪ್ಯಾಕ್ ಅನ್ನೋ ಕರಾರಿನ ಮ್ಯಾಲ. ಮಗಳು ಮೊದಲನೇ ಫೋಟೋ ನಮ್ಮ ಅತ್ತಿಯವ್ರದು ತಗದ್ಲು. ಫೋನಿನ್ಯಾಗ ತೋರಿಸಿದ್ರ ಅವರ ಬೆರಳು ತಾಗಿ ಚಿತ್ರ ಓಡಿ ಹೋಗ್ತಿತ್ತು, ಬ್ಯಾಸರಾಗಿ ನೋಡೋದೇ ಬಿಟ್ಟಿದ್ರು. ಈ ಫೋಟೋ ಈಗ ಅವರ ಎಲಿಅಡಿಕಿ ಚಂಚಿಯಾಗ ಅದ. ಬಂದವರಿಗೆಲ್ಲಾ ತೋರಿಸ್ತಾರ. ನಮ್ಮನಿಯವ್ರು ಶೋಕಿ ಅನ್ನೋ ಮಾತು ಮತ್ತ ಎತ್ತಿಲ್ಲ.

ಎಲ್ಲಾರೂ ಇವನ್ನ ಕೊಡಸ್ರಿ ಅಂತ ನಾ ಹೇಳಂಗಿಲ್ಲ. ರೊಕ್ಕ ಇಲ್ಲಂದ್ರ ಬ್ಯಾಡ ಅನ್ರಿ, ಅದರಾಗೇನು ನಾಚಿಕಿ? ಆದ್ರ ಬ್ಯಾಡ ಅಂದ್ರ ಇಬ್ಬರಿಗೂ ಬ್ಯಾಡ ಅನ್ರಿ. ಯಾಕ ಬೇಕು ಅಂತ ಕೇಳೋದಿದ್ರ ಇಬ್ಬರಿಗೂ ಕೇಳ್ರಿ. ಮಗಳಿಗಷ್ಟೇ ಲೆಕ್ಕ ಕೇಳೋ ರೂಢಿ ನಮ್ಮವ್ವನ ಮನ್ಯಾಗ ನಾನೇ ಅನುಭವಿಸೇನಿ. ಅದನ್ನ ನನ್ನ ಮನ್ಯಾಗೂ ನಾನೇ ನಡಸ್ತಿದ್ದೆ ಅನ್ನೋದು ನನಗ ಈ ದೀಪಾವಳಿಗೆ ತಿಳೀತು.